ಒರಿಜಿನಲ್ ಫೋಟೊ ಮೇಲೆಯೇ ‘ಸೇವ್’ ಒತ್ತಿದವರಿಗೆ

‘ಒರಿಜಿನಲ್ ವಾಪಸ್ ತರಬಹುದಾ ಸರ್?’ ಈ ಸಲದ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ. ಹೋದ ಸಲವೂ ಇದೇ ಇತ್ತು. ಒಂದಕ್ಕೆ ಸರಿಯಾಗಿ ಉತ್ತರಿಸುತ್ತೇನೆ, ಉಳಿದವರೂ ಓದಿಕೊಳ್ಳಿ.

ಪ್ರಶ್ನೆ: ಸ್ಟುಡಿಯೊದಲ್ಲಿ ತೆಗೆಸಿದ ಮಗಳ ಫೋಟೊವನ್ನು ಐಬಿಪಿಎಸ್ ಬ್ಯಾಂಕ್ ಪರೀಕ್ಷೆಯ ಅರ್ಜಿಗೆಂದು 50 ಕೆಬಿಗೆ ಇಳಿಸಿ ಸೇವ್ ಮಾಡಿದೆ. ಈಗ ಫ್ರೇಮ್ ಹಾಕಿಸೋಣ ಅಂದರೆ ಪ್ರಿಂಟ್ ಮಸುಕಾಗಿ ಬರುತ್ತಿದೆ. ಏನು ಮಾಡಲಿ?

ಉತ್ತರ: ಆ ಅರ್ಜಿಯ ಫೋಟೊ 200x230 ಪಿಕ್ಸೆಲ್. ಇಂಚಿಗೆ 300 ಪಿಕ್ಸೆಲ್‌ನಂತೆ ಪ್ರಿಂಟ್ ಹಾಕಿದರೆ ಒಂದು ಇಂಚು ಅಗಲವೂ ಬರುವುದಿಲ್ಲ. 8x10 ಇಂಚಿನ ಫ್ರೇಮಿಗೆ 2400x3000 ಬೇಕು. ಉಳಿದ ಪಿಕ್ಸೆಲ್‌ಗಳು ಫೈಲಿನೊಳಗೆ ಎಲ್ಲೂ ಅಡಗಿ ಕೂತಿಲ್ಲ. ಅದೇ ಹೆಸರಿಗೆ ಸೇವ್ ಒತ್ತಿದಾಗಲೇ ಹೋದವು.

ಫೈಲ್ ಮೊದಲು ಫೋನಿಗೆ ಬಂದಿತ್ತಾ? ಹಾಗಿದ್ದರೆ ಗೂಗಲ್ ಫೋಟೋಸ್‌ನಲ್ಲಿ ಹುಡುಕಿ. ಬ್ಯಾಕಪ್ ಆಗಿದ್ದ ಫೋಟೊ ಡಿಲೀಟ್ ಮಾಡಿದ್ದರೂ 60 ದಿನ ಟ್ರ್ಯಾಶ್‌ನಲ್ಲಿ ಇರುತ್ತದೆ. ಸ್ಟುಡಿಯೊದವರಿಗೆ ಇವತ್ತೇ ಫೋನ್ ಮಾಡಿ, ಅವರೂ ಜಾಸ್ತಿ ದಿನ ಇಟ್ಟುಕೊಳ್ಳುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಸುಮ್ನೆ ಫೋಟೊ ಆಗಿ ಕಳಿಸಿದರೆ ಮತ್ತೆ ಕುಗ್ಗಿರುತ್ತದೆ.

‘ಎಐನಲ್ಲಿ ಎಚ್‌ಡಿ ಮಾಡಿಕೊಡ್ತೀವಿ’ ಅನ್ನುವವರಿಗೆ ದುಡ್ಡು ಸುರಿಯಬೇಡಿ. ಆ ಆ್ಯಪ್‌ಗಳು ಹೋದದ್ದನ್ನು ತರುವುದಿಲ್ಲ, ಊಹಿಸಿ ತುಂಬುತ್ತವೆ. ಕಣ್ರೆಪ್ಪೆ ಒಂದೊಂದೂ ಚೂಪಾಗಿ ಕಾಣುತ್ತದೆ, ಕೆನ್ನೆಯ ಮಚ್ಚೆ ಮಾಯ, ಹಲ್ಲಿನ ಸಾಲು ಇನ್ಯಾರದೋ. ನಿಮಗೆ ಬೇಕಾಗಿದ್ದು ಮಗಳ ಫೋಟೊ ಅಲ್ವಾ?

ಇನ್ನು ಮೇಲೆ ಮೊದಲು ಕಾಪಿ ಮಾಡಿ, ಆ ಕಾಪಿಯನ್ನೇ ತೆರೆಯಿರಿ. ‘ಕೊನೆಗೆ ಸೇವ್ ಆಸ್ ಕೊಡ್ತೀನಲ್ಲ’ ಅನ್ನಬೇಡಿ. ನಡುವೆ ಕೈ ತಾನಾಗಿ ಕಂಟ್ರೋಲ್-ಎಸ್ ಒತ್ತಿರುತ್ತದೆ. ನಾನಂತೂ ಒರಿಜಿನಲ್ ಫೈಲಿನ ಪ್ರಾಪರ್ಟೀಸ್‌ನಲ್ಲಿ ರೀಡ್-ಓನ್ಲಿ ಟಿಕ್ ಹಾಕಿಡುತ್ತೇನೆ. ಡಿಲೀಟ್ ಮಾಡುವುದನ್ನು ಅದು ತಡೆಯುವುದಿಲ್ಲ, ಆದರೆ ಮೇಲೆಯೇ ಸೇವ್ ಮಾಡಲು ಹೋದರೆ ತಕರಾರು ತೆಗೆಯುತ್ತದೆ. ಅತಿಯಾಯಿತು ಅಂತ ನಗುವವರು ನಗಲಿ.

ಪ್ರಶ್ನೆ: ಜೆಪೆಗ್ ಫೋಟೊ ತೆರೆದು ನೋಡಿದಾಗಲೆಲ್ಲ ಕ್ವಾಲಿಟಿ ಇಳಿಯುತ್ತಂತೆ, ಹೌದಾ?

ಉತ್ತರ: ಯಾರು ಹಬ್ಬಿಸುತ್ತಾರೋ ಇದನ್ನು! ನೋಡಿದರೆ, ಕಾಪಿ ಮಾಡಿದರೆ ಏನೂ ಆಗುವುದಿಲ್ಲ. ಎಡಿಟ್ ಮಾಡಿ ಮತ್ತೆ ಜೆಪೆಗ್ ಆಗಿ ಸೇವ್ ಮಾಡಿದಾಗ ಇಳಿಯುತ್ತದೆ.

ಪ್ರಶ್ನೆ: ಫೋಟೊ ಎಡಿಟ್ ಮಾಡುವ ಲೈಟ್‌ರೂಮ್ ಸಾಫ್ಟ್‌ವೇರ್‌ನ ಕ್ಯಾಟಲಾಗ್ ಬ್ಯಾಕಪ್ ಇದೆ. ಡಿಸ್ಕಿನಲ್ಲಿರುವ ಫೋಟೊ ಅಳಿಸಲಾ?

ಉತ್ತರ: ದಯವಿಟ್ಟು ಬೇಡ. ಕ್ಯಾಟಲಾಗ್‌ನಲ್ಲಿ ನೀವು ಮಾಡಿದ ತಿದ್ದುಪಡಿಯ ಲೆಕ್ಕ ಇರುತ್ತದೆ, ಫೋಟೊ ಇರುವುದಿಲ್ಲ.

ಪ್ರಶ್ನೆ: ಕುಗ್ಗಿದ ಜೆಪೆಗ್ ಫೈಲನ್ನು ಪಿಎನ್‌ಜಿ ಮಾಡಿದರೆ ಸರಿಹೋಗುತ್ತಾ?

ಉತ್ತರ: ಇಲ್ಲ. ಫೈಲ್ ದಪ್ಪ ಆಗುತ್ತದೆ, ಅಷ್ಟೇ.