ಎ.ಎನ್.ಎ. ಪಾಸಿಟಿವ್ ಬಂದಿದೆ, ಮೂಳೆ ಮಾತ್ರೆ ತಗೋಬಹುದಾ?

ಪ್ರಶ್ನೆ: ನನಗೆ 63 ವರ್ಷ, ಊರು ದಾವಣಗೆರೆ. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಮೂಳೆ ಎಷ್ಟು ಗಟ್ಟಿ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಯ ಟಿ-ಸ್ಕೋರ್ ಮೈನಸ್ 2.9 ಬಂತು. ವಾರಕ್ಕೊಂದು ಅಲೆಂಡ್ರೊನೇಟ್ 70 ಮಿ.ಗ್ರಾಂ. ಮಾತ್ರೆ ಬರೆದುಕೊಟ್ಟರು. ಅಷ್ಟರಲ್ಲಿ ಮಗ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಎ.ಎನ್.ಎ. ಪಾಸಿಟಿವ್, 1:80 ಅಂತ ಬಂದಿದೆ. ಇದು ಲೂಪಸ್, ದೇಹದ ರಕ್ಷಣಾ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ ಅಂತ ಒಬ್ಬರು, ಮೂಳೆ ಮಾತ್ರೆ ತಗೊಂಡರೆ ಕೆರಳುತ್ತೆ ಅಂತ ಇನ್ನೊಬ್ಬರು. ಎರಡು ತಿಂಗಳಿಂದ ಮಾತ್ರೆ ಶೀಟು ಫ್ರಿಜ್ ಮೇಲೇ ಇದೆ. 10 ವರ್ಷದಿಂದ ಥೈರಾಯ್ಡ್ ಮಾತ್ರೆ ನಡೀತಿದೆ. ಮೈಕೈ ನೋವು ಬಿಟ್ಟರೆ ಬೇರೇನೂ ತೊಂದರೆ ಇಲ್ಲ. ಏನು ಮಾಡಲಿ?

ಉತ್ತರ: ಅಮ್ಮ, ನಿಮ್ಮ ಭಯ ಅರ್ಥವಾಗುತ್ತೆ. ಆದರೆ ಆ ಶೀಟು ಇನ್ನೂ ಫ್ರಿಜ್ ಮೇಲೆ ಇರೋದೇ ನನಗೆ ಜಾಸ್ತಿ ಚಿಂತೆ. ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಸವೆತ ಅಂತೀವಿ. ನಿಮ್ಮದು ಅದನ್ನೂ ದಾಟಿದೆ, ಒಂದು ಸಲ ಮುರಿದೂ ಆಗಿದೆ. ಮುಂದಿನ ಸಲ ಸೊಂಟವೇ ಮುರಿದೀತು. ರಾಗಿ ಮುದ್ದೆ, ಮಜ್ಜಿಗೆ ಒಳ್ಳೆಯವೇ, ಬಿಡಬೇಡಿ. ಇಷ್ಟು ಸವೆದ ಮೂಳೆಗೆ ಅವಷ್ಟೇ ಸಾಲವು.

ಈಗ ಎ.ಎನ್.ಎ. ವಿಷಯ. ಅದು ನಮ್ಮ ದೇಹದ ಜೀವಕೋಶಗಳ ಕೇಂದ್ರವನ್ನೇ ಗುರಿ ಮಾಡುವ, ರಕ್ತದಲ್ಲಿರುವ ಒಂದು ಪ್ರತಿಕಾಯ. ಮಜ್ಜಿಗೆಗೆ ನೀರು ಹಾಕುತ್ತಾ ಹೋದರೆ ಹುಳಿ ಎಲ್ಲಿಯವರೆಗೆ ನಾಲಿಗೆಗೆ ತಿಳಿಯುತ್ತೆ ಅಂತ ನೋಡ್ತೀವಲ್ಲ, ಈ ಪರೀಕ್ಷೆಯೂ ಹಾಗೆಯೇ. 1:80 ಅಂದರೆ 80 ಪಟ್ಟು ತೆಳು ಮಾಡಿದಾಗಲೂ ಆ ಪ್ರತಿಕಾಯ ಕಂಡಿದೆ. ಆರೋಗ್ಯವಾಗಿರುವ 100 ಜನರನ್ನು ಪರೀಕ್ಷಿಸಿದರೆ ಸುಮಾರು 10-13 ಮಂದಿಗೆ ಇಷ್ಟು ಬರುತ್ತೆ. ಹೆಂಗಸರಲ್ಲಿ, ವಯಸ್ಸಾದವರಲ್ಲಿ ಇನ್ನೂ ಜಾಸ್ತಿ. ಥೈರಾಯ್ಡ್ ತೊಂದರೆ ಇರುವವರಲ್ಲೂ ಇದು ಆಗಾಗ ಕಾಣುತ್ತೆ. ಬರೀ ಈ ಒಂದು ಕಾಗದ ನೋಡಿ ಲೂಪಸ್ ಅಂತ ಯಾರೂ ಹೇಳಬಾರದು.

ಹಾಗಂತ ಸುಮ್ನೆ ಬಿಟ್ಟುಬಿಡಿ ಅಂತಲೂ ಹೇಳಲ್ಲ. ಬೆಳಿಗ್ಗೆ ಬೆರಳ ಗಂಟು ಊದಿ ತುಂಬಾ ಹೊತ್ತು ಬಿಗಿಯಾಗಿರುತ್ತಾ? ಬಿಸಿಲಿಗೆ ಹೋದರೆ ಮುಖದ ಮೇಲೆ ಗಂಧೆ ಏಳುತ್ತಾ? ಬಾಯಿಹುಣ್ಣು ಮತ್ತೆ ಮತ್ತೆ ಬರುತ್ತಾ? ತಣ್ಣೀರು ಮುಟ್ಟಿದರೆ ಬೆರಳು ಬಿಳಿಚಿಕೊಳ್ಳುತ್ತಾ? ಮೂತ್ರದಲ್ಲಿ ನೊರೆ ಬರುತ್ತಾ? ಇವುಗಳಲ್ಲಿ ಒಂದಿದ್ದರೂ ಸಂಧಿವಾತ ತಜ್ಞರನ್ನು ನೋಡಿ. ಯಾವುದೂ ಇಲ್ಲದಿದ್ದರೆ ಮೂತ್ರ ಪರೀಕ್ಷೆ, ರಕ್ತಕಣಗಳ ಎಣಿಕೆ, ಕಿಡ್ನಿ ಪರೀಕ್ಷೆ ಸರಿಯಾಗಿವೆಯಾ ಅಂತ ನಿಮ್ಮ ಡಾಕ್ಟರೇ ನೋಡಿದರೆ ಸಾಮಾನ್ಯವಾಗಿ ಸಾಕು.

ಕೆಲವು ಔಷಧಿಗಳಿಂದ ಲೂಪಸ್ ತರಹದ ತೊಂದರೆ ಬರೋದು ನಿಜ. ಬಿ.ಪಿ.ಗೆ ಕೊಡುವ ಹೈಡ್ರಾಲಜೀನ್, ಟಿ.ಬಿ.ಗೆ ಕೊಡುವ ಐಸೋನಿಯಾಜಿಡ್ ಅಂಥವು. ಅಲೆಂಡ್ರೊನೇಟ್ ಆ ಸಾಲಿನದಲ್ಲ. ನಿಜವಾಗಿ ಲೂಪಸ್ ಇದ್ದು ಸ್ಟೀರಾಯ್ಡ್ ನುಂಗುವವರಿಗೂ ಮೂಳೆ ಉಳಿಸಲು ಇದೇ ಗುಂಪಿನ ಮಾತ್ರೆ ಕೊಡ್ತೀವಿ.

ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಥೈರಾಯ್ಡ್ ಮಾತ್ರೆಯದು. ಅದರ ಡೋಸ್ ಜಾಸ್ತಿಯಾಗಿ ಟಿ.ಎಸ್.ಎಚ್. (ಡೋಸ್ ಸರಿಯಿದೆಯಾ ಅಂತ ತಿಳಿಸುವ ರಕ್ತ ಪರೀಕ್ಷೆ) ತೀರಾ ಇಳಿದರೆ ಮೂಳೆ ಸವೆಯುತ್ತೆ. ಇತ್ತೀಚೆಗೆ ನೋಡಿಸಿದ್ದೀರಾ? ಜೊತೆಗೆ ವಿಟಮಿನ್ ಡಿ, ಕ್ಯಾಲ್ಸಿಯಂ ಕೂಡ ನೋಡಿಸಿ. ಮೈಕೈ ನೋವಿಗೆ ಡಿ ಕೊರತೆಯೂ ಕಾರಣ ಇರಬಹುದು. ಅವು ಕಡಿಮೆ ಇದ್ದರೆ ಮೊದಲು ಸರಿಪಡಿಸಿಕೊಂಡು ಆಮೇಲೆ ಮೂಳೆ ಮಾತ್ರೆ ಶುರು ಮಾಡಬೇಕು. ಮಂಡಿನೋವಿಗೆ ಅಂತ ಯಾರೋ ಕೊಟ್ಟ ಹೆಸರಿಲ್ಲದ ಪುಡಿ, ಗುಳಿಗೆ ತಗೊಂಡಿದ್ದರೆ ಮುಚ್ಚಿಡದೆ ಹೇಳಿ. ಅದರಲ್ಲಿ ಮೂಳೆ ಸವೆಸುವ ಸ್ಟೀರಾಯ್ಡ್ ಇರಬಹುದು.

ಮಾತ್ರೆ ನುಂಗುವ ದಿನ, ಭಾನುವಾರ ಅಂತಲೇ ಇಟ್ಟುಕೊಳ್ಳಿ. ಎದ್ದ ತಕ್ಷಣ ಖಾಲಿ ಹೊಟ್ಟೆಯಲ್ಲಿ ದೊಡ್ಡ ಲೋಟದ ತುಂಬ ಬರೀ ನೀರಿನ ಜೊತೆ ನುಂಗಿ. ಚಹಾ ಬೇಡ, ಹಾಲೂ ಬೇಡ. ಅರ್ಧ ಗಂಟೆ ಮಲಗಬೇಡಿ, ಇಲ್ಲದಿದ್ದರೆ ಮಾತ್ರೆ ಅನ್ನನಾಳದಲ್ಲೇ ಕೂತು ಹುಣ್ಣು ಮಾಡುತ್ತೆ. ಕುಂದವಾಡ ಕೆರೆ ಏರಿಯ ಮೇಲೆ ಒಂದು ಸುತ್ತು ನಡೆದು ಬನ್ನಿ. ಬಂದ ಮೇಲೆ ಥೈರಾಯ್ಡ್ ಮಾತ್ರೆ, ಇನ್ನರ್ಧ ಗಂಟೆಗೆ ತಿಂಡಿ. ಕ್ಯಾಲ್ಸಿಯಂ ಮಾತ್ರೆ ಮಧ್ಯಾಹ್ನ ಊಟಕ್ಕೆ. ಎದೆಯುರಿ ಅಥವಾ ಅನ್ನನಾಳದ ತೊಂದರೆ ಇರುವವರಿಗೆ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಝೋಲೆಡ್ರೋನಿಕ್ ಆಸಿಡ್ ಇದೆ. ಹಲ್ಲು ಕೀಳಿಸುವ ಕೆಲಸ ಬಾಕಿ ಇದ್ದರೆ ಅದನ್ನು ಮೊದಲು ಮುಗಿಸಿ.

ಅಂದ ಹಾಗೆ, ನೀವು ಜಾರಿದ ಆ ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿದ್ದೀರಾ? ಇಲ್ಲ ಅಂದರೆ ಈ ವಾರವೇ ಮಗನಿಗೆ ಹೇಳಿ ಹಾಕಿಸಿ.