ಲೆಕ್ಕದ ಪುಸ್ತಕ ಮೊದಲು ಬೇರೆಯವರ ಕೈಗೆ ಕೊಡಿ

ಪ್ರಶ್ನೆ: ನನಗೆ 36 ವರ್ಷ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಮನೆ. ಓದಿದ್ದು ಕನ್ನಡ ಮಾಧ್ಯಮದಲ್ಲಿ. ನಮ್ಮ ಕುಟುಂಬಶ್ರೀ (ಹೆಂಗಸರ ಉಳಿತಾಯ-ಸಾಲದ ಗುಂಪು) ಘಟಕದ ಕಾರ್ಯದರ್ಶಿ ನಾನು. ಈಗ ವಾರ್ಡಿನ ಎಡಿಎಸ್ (ಏರಿಯಾ ಡೆವಲಪ್‌ಮೆಂಟ್ ಸೊಸೈಟಿ) ಅಧ್ಯಕ್ಷೆ ಸ್ಥಾನಕ್ಕೆ ನಿಲ್ಲಬೇಕು ಅಂತ ಒತ್ತಾಯ ಬರುತ್ತಿದೆ. ಆಸೆ ಇದೆ, ಹೆದರಿಕೆಯೂ ಇದೆ. ಪಂಚಾಯತ್ ಮಟ್ಟದ ಸಭೆಯಲ್ಲಿ ಮಲಯಾಳದಲ್ಲಿ ಮಾತು ಶುರುವಾದರೆ ಎಲ್ಲ ಅರ್ಥವಾಗುತ್ತದೆ, ಮಾತಾಡಲು ಮಾತ್ರ ಬಾಯಿ ಬರುವುದಿಲ್ಲ. ಫೋನಿನಲ್ಲಿ ನಾಯಕತ್ವದ ಒಂದು ತರಗತಿಗೆ ಸೇರಿ ಒಂದು ವರ್ಷದ ಯೋಜನೆ ಬರೆದೆ. ಬೆಳಿಗ್ಗೆ 5ಕ್ಕೆ ಏಳುವುದು, ಆತ್ಮವಿಶ್ವಾಸ ಬೆಳೆಸುವುದು, ಇಂಗ್ಲಿಷ್ ಕಲಿಯುವುದು, ಸಿಟ್ಟು ಕಡಿಮೆ ಮಾಡುವುದು, ಹೀಗೆ 18 ಅಂಶ. ಎರಡು ವಾರ ನಡೆಯಿತು, ಆಮೇಲೆ ನಿಂತೇ ಹೋಯಿತು. ಈಗಲೇ ಘಟಕದ ಲೆಕ್ಕ, ಮಿನಿಟ್ಸ್, ಬ್ಯಾಂಕಿನ ಓಡಾಟ ಎಲ್ಲ ನನ್ನ ಮೇಲೆಯೇ. ಬೇರೆಯವರಿಗೆ ಕೊಟ್ಟರೆ ತಪ್ಪು ಮಾಡುತ್ತಾರೆ. ಗಂಡ ಬೇಡ ಅನ್ನುವುದಿಲ್ಲ, ಸುಮ್ನೆ ನಗುತ್ತಾರೆ. ನಾನು ಈ ಕೆಲಸಕ್ಕೆ ತಕ್ಕವಳೇ? (ಹೆಸರು ಬೇಡ)

ಉತ್ತರ: ನಿಮ್ಮ ಕಾಗದದಲ್ಲಿ ಭಾಷೆಯ ಹೆದರಿಕೆ ಜಾಸ್ತಿ ಜಾಗ ತೆಗೆದುಕೊಂಡಿದೆ. ಆದರೆ ನನ್ನ ಕಣ್ಣು ನಿಂತದ್ದು ಇನ್ನೊಂದು ಸಾಲಿನ ಮೇಲೆ. 'ಬೇರೆಯವರಿಗೆ ಕೊಟ್ಟರೆ ತಪ್ಪು ಮಾಡುತ್ತಾರೆ.' ಇದನ್ನು ನೀವು ಮಾತಿನ ಮಧ್ಯೆ ಹಾಗೇ ಬರೆದುಬಿಟ್ಟಿದ್ದೀರಿ. ನನಗೆ ಅದೇ ಮುಖ್ಯ ಅನ್ನಿಸಿತು.

ನಿಮಗೆ ಗೊತ್ತಿರುವುದನ್ನೇ ಹೇಳುತ್ತೇನೆ. ಒಂದು ಅಯಲ್ಕೂಟದಲ್ಲಿ, ಅಂದರೆ ನಿಮ್ಮಂಥ ನೆರೆಕರೆಯ ಘಟಕದಲ್ಲಿ, ಸಾಮಾನ್ಯವಾಗಿ 10ರಿಂದ 20 ಮಂದಿ. ಅದಕ್ಕೆ ಅಧ್ಯಕ್ಷೆ, ಕಾರ್ಯದರ್ಶಿ, ಜೊತೆಗೆ ಆರೋಗ್ಯ-ಶಿಕ್ಷಣ, ಆದಾಯದ ಕೆಲಸ, ಮೂಲಸೌಕರ್ಯ ನೋಡಿಕೊಳ್ಳುವ ಮೂವರು ವಾಲಂಟಿಯರುಗಳು. ಅಂದರೆ ಕೆಲಸವನ್ನು ಐದು ಮಂದಿಗೆ ಹಂಚಿಯೇ ಇಟ್ಟಿದ್ದಾರೆ. 1998ರಲ್ಲಿ ಕೇರಳ ಸರ್ಕಾರ ಕುಟುಂಬಶ್ರೀ ಶುರು ಮಾಡಿದ್ದು ಬಡತನ ಹೋಗಲಾಡಿಸಲು. ವಾರವಾರ ತ್ರಿಫ್ಟ್ ಅಂತ ಸಣ್ಣ ಉಳಿತಾಯ ಕಟ್ಟುತ್ತಾ, ಸಾಲ ಕೊಟ್ಟು ತೀರಿಸುತ್ತಾ ಪ್ರತಿ ಮನೆಯ ಹೆಂಗಸಿಗೂ ದುಡ್ಡಿನ ವ್ಯವಹಾರ ಕೈಗೆ ಬರಲಿ ಎಂಬುದೂ ಅದರ ಒಳಗೇ ಇದೆ. ನಿಮ್ಮ ಘಟಕದಲ್ಲಿ ಅದು ಕೈಗೆ ಬಂದದ್ದು ಒಬ್ಬರಿಗೆ. ಉಳಿದವರು ಸಹಿ ಹಾಕಿ ಮನೆಗೆ ಹೋಗುತ್ತಾರೆ, ಅಲ್ವಾ?

ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಹೀಗೆ ಎಲ್ಲವನ್ನೂ ಹೊತ್ತುಕೊಳ್ಳುವವರು ಇಲ್ಲದಿದ್ದರೆ ಎಷ್ಟೋ ಘಟಕಗಳು ಬಾಗಿಲು ಹಾಕುತ್ತಿದ್ದವು. ಆದರೆ ಎಡಿಎಸ್ ಅಂದರೆ ವಾರ್ಡಿನ ಎಲ್ಲ ಘಟಕಗಳ ಒಕ್ಕೂಟ. ಅಷ್ಟೂ ಘಟಕಗಳ ಪುಸ್ತಕ ನೀವು ಬರೆಯಲಾರಿರಿ. ಅಲ್ಲಿ ಬೇಕಾದದ್ದು ಬೇರೆಯವರಿಂದ ಕೆಲಸ ಮಾಡಿಸುವ ಕೈ. ಅದನ್ನು ನೀವು ಇನ್ನೂ ಪ್ರಯತ್ನಿಸಿಯೇ ಇಲ್ಲ. ನಿಮ್ಮ 18 ಅಂಶಗಳಲ್ಲಿ ಇದು ಒಂದಾದರೂ ಇದೆಯೇ? ನೀವು ಬರೆದು ಕಳಿಸಿದ್ದರಲ್ಲಿ ನನಗೆ ಕಾಣಲಿಲ್ಲ. ಎಲ್ಲವೂ ನಿಮ್ಮನ್ನು ನೀವೇ ತಿದ್ದಿಕೊಳ್ಳುವುದರ ಬಗ್ಗೆ. ಐದು ಗಂಟೆಗೆ ಎದ್ದವರೆಲ್ಲ ನಾಯಕರಾಗುವುದಾದರೆ ನಮ್ಮೂರಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವವರೆಲ್ಲ ಎಂದೋ ಮಂತ್ರಿಗಳಾಗಬೇಕಿತ್ತು.

ಆ ಯೋಜನೆ ನಿಂತದ್ದು ನಿಮ್ಮ ಸೋಮಾರಿತನದಿಂದಲ್ಲ. 'ಆತ್ಮವಿಶ್ವಾಸ ಬೆಳೆಸುವುದು' ಅಂತ ಬರೆದರೆ ಮಂಗಳವಾರ ಮಧ್ಯಾಹ್ನ ಏನು ಮಾಡಬೇಕು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಎಂಬ ಸಂಸ್ಥೆ 1980ರ ದಶಕದಲ್ಲಿ ಕಂಪನಿಗಳ ಅಧಿಕಾರಿಗಳನ್ನು ನೀವು ಎಲ್ಲಿಂದ ಕಲಿತಿರಿ ಅಂತ ವಿಚಾರಿಸಿತ್ತು. ಅಲ್ಲಿಂದ ಬಂದದ್ದು 70-20-10 ಎಂಬ ಲೆಕ್ಕ. ಕಲಿಕೆಯ 70 ಪಾಲು ಕಷ್ಟದ ಕೆಲಸ ಮಾಡುತ್ತಾ ಬರುತ್ತದೆ, 20 ಪಾಲು ಬೇರೆಯವರಿಂದ, ತರಗತಿಗಳಿಂದ 10 ಪಾಲು. ಈ ಅಂಕಿಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ ನಂಬಬೇಡಿ, ಅವು ಜನ ನೆನಪಿನಿಂದ ಹೇಳಿದ್ದು. ದಿಕ್ಕು ಮಾತ್ರ ಸರಿ. ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗ ಕೋಡಂಗಿ, ಬಾಲಗೋಪಾಲ ಅಂತ ಸಣ್ಣ ವೇಷಗಳಲ್ಲಿ ಕುಣಿಯುತ್ತಲೇ ದೊಡ್ಡ ವೇಷಕ್ಕೆ ಬರುವುದಲ್ವಾ? ನೀವು ನಿಮ್ಮ ವರ್ಷವನ್ನೆಲ್ಲ ಆ 10 ಪಾಲಿಗೆ ಹಾಕಿದ್ದೀರಿ.

ಹಾಗಾದರೆ ಯೋಜನೆ ಬೇಡವೇ? ಬೇಕು. ಒಂದು ಹಾಳೆಯಲ್ಲಿ ಹಿಡಿಯುವಷ್ಟು, ಒಂದು ವರ್ಷಕ್ಕಲ್ಲ, ಮೂರು ತಿಂಗಳಿಗೆ.

ಮೊದಲನೆಯದಾಗಿ, ಲೆಕ್ಕದ ಪುಸ್ತಕ ಯಾರಿಗೆ ಕೊಡುತ್ತೀರಿ ಅಂತ ಅವರ ಹೆಸರು ಬರೆಯಿರಿ. 'ಯಾರಿಗಾದರೂ' ಅಂತ ಅಲ್ಲ. ನಿಮ್ಮ ಘಟಕದಲ್ಲಿ ಮಾತು ಕಡಿಮೆ, ಆದರೆ ತನ್ನ ಕಂತಿನ ಲೆಕ್ಕ ಬಾಯಲ್ಲೇ ಹೇಳುವ ಒಬ್ಬರು ಇದ್ದೇ ಇರುತ್ತಾರೆ. ಮೊದಲ ತಿಂಗಳು ನೀವು ಹೇಳಿ, ಅವರು ಬರೆಯಲಿ. ಎರಡನೇ ತಿಂಗಳು ಅವರೇ ಬರೆಯಲಿ, ನೀವು ಕೊನೆಗೆ ನೋಡಿ. ಮೂರನೇ ತಿಂಗಳು ಪಾಸ್ ಪುಸ್ತಕದ ಜೊತೆ ತಾಳೆ ನೋಡುವುದನ್ನೂ ಅವರಿಗೇ ಬಿಡಿ. ತಪ್ಪಾಗುತ್ತದೆ, ಖಂಡಿತ. ಆಗ ಪೆನ್ನು ಕಿತ್ತುಕೊಂಡು ನೀವೇ ಸರಿ ಮಾಡಿದರೆ ಮೂರು ತಿಂಗಳ ಕೆಲಸ ಅಲ್ಲಿಗೇ ಹೋಯಿತು. ತಪ್ಪು ಎಲ್ಲಿದೆ ಅಂತ ತೋರಿಸಿ, ಸರಿ ಅವರೇ ಮಾಡಲಿ. ಮೊತ್ತಗಳು ಸಣ್ಣವು, ವಾರವಾರ ಎಲ್ಲರ ಎದುರು ಓದುತ್ತೀರಿ, ಲೆಕ್ಕ ಆಡಿಟ್‌ಗೂ ಹೋಗುತ್ತದೆ. ತಪ್ಪಿದರೂ ತಿದ್ದಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ನಿಮಗೆ ಇದು ಭಾಷಣಕ್ಕಿಂತ ಕಷ್ಟ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸುತ್ತದೆ.

ಇನ್ನು ಭಾಷೆ. ಕಾಸರಗೋಡು ಸಪ್ತಭಾಷೆಯ ನಾಡು ಅಂತ ವೇದಿಕೆಯಲ್ಲಿ ಹೇಳುವುದು ಚೆಂದ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆದವರಿಗೆ ಮಲಯಾಳದ ಸಭೆಯಲ್ಲಿ ಕೂರುವ ಸಂಕಟ ಆ ವೇದಿಕೆಗೆ ಗೊತ್ತಿಲ್ಲ. ಇದರಲ್ಲಿ ಎರಡು ದಾರಿ ಇದೆ, ಎರಡನ್ನೂ ಹಿಡಿಯಿರಿ. ಒಂದು, ನಿಮ್ಮ ಹಕ್ಕು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ ಅಲ್ಪಸಂಖ್ಯಾತರು ಸರ್ಕಾರದ ಜೊತೆ, ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಲು ಅವಕಾಶ ಇದೆ. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಅಂತ ಸಂವಿಧಾನದ 350ನೇ ವಿಧಿ ಹೇಳುತ್ತದೆ. ಹಾಗಾಗಿ ಅರ್ಜಿ ಕನ್ನಡದಲ್ಲಿ ಬರೆಯಲು ಸಂಕೋಚ ಬೇಡ. ಸುತ್ತೋಲೆಯ ಕನ್ನಡ ಪ್ರತಿಯನ್ನೂ ಬರೆದೇ ಕೇಳಿ.

ಇನ್ನೊಂದು, ಮಾತು. ಹಕ್ಕು ಇದೆ ಅಂತ ಸಭೆಯಲ್ಲಿ ಪಕ್ಕದಲ್ಲಿ ಕೂತವರ ಜೊತೆ ಮಾತಾಡದೆ ಇರಲಾಗುತ್ತದೆಯೇ? ನಿಮಗೆ ಪೂರ್ತಿ ಮಲಯಾಳ ಬೇಡ, ಬಾಗಿಲು ತೆಗೆಯುವ ಒಂದು ವಾಕ್ಯ ಸಾಕು. 'ಎನಿಕ್ಕ್ ಒರು ಕಾರ್ಯಂ ಪರಯಾನುಂಡ್.' ನನಗೆ ಒಂದು ವಿಷಯ ಹೇಳಲಿಕ್ಕಿದೆ, ಅಷ್ಟೇ. ಉಳಿದದ್ದನ್ನು ಕನ್ನಡ ಬೆರೆಸಿ ಹೇಳಿ. ಗಡಿ ಪಂಚಾಯತುಗಳಲ್ಲಿ ಅದು ಯಾರಿಗೂ ಹೊಸತಲ್ಲ. ಹಾಳೆಯಲ್ಲಿ ಹೀಗೆ ಬರೆದುಕೊಳ್ಳಿ: 'ನಮ್ಮ ವಾರ್ಡಿನ ಹೆಸರು ಬಂದರೆ, ಕೂಡಲೇ ಕೈ ಎತ್ತಿ ಆ ವಾಕ್ಯ ಹೇಳುತ್ತೇನೆ.' ಇಂಥದ್ದು ಆದರೆ ಇಂಥದ್ದು ಮಾಡುತ್ತೇನೆ ಅಂತ ಮೊದಲೇ ಗೊತ್ತುಮಾಡಿಕೊಂಡವರು ಸುಮ್ನೆ ಸಂಕಲ್ಪ ಮಾಡಿದವರಿಗಿಂತ ಹೆಚ್ಚಾಗಿ ಕೆಲಸ ಮುಗಿಸುತ್ತಾರೆ. ಪೀಟರ್ ಗಾಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ವರ್ಷಗಟ್ಟಲೆ ಪರೀಕ್ಷಿಸಿ ನೋಡಿದ್ದಾರೆ. ಧೈರ್ಯ ಬರಲಿ ಅಂತ ಕಾಯುವ ಕೆಲಸ ಇದರಲ್ಲಿ ಇಲ್ಲ. ಆದರೆ ಮಲಯಾಳ ಲಿಪಿ ಓದಲು ಖಂಡಿತ ಕಲಿಯಿರಿ. ಸಹಿ ಹಾಕುವ ಕಾಗದದಲ್ಲಿ ಏನಿದೆ ಅಂತ ನೀವೇ ಓದಬೇಕು.

ಮೂರು ತಿಂಗಳ ಕೊನೆಗೆ ಇಬ್ಬರನ್ನು ಕೇಳಿ. ಒಬ್ಬರು ನಿಮ್ಮನ್ನು ಮೆಚ್ಚುವವರು, ಇನ್ನೊಬ್ಬರು ಸಾಲದ ವಿಷಯದಲ್ಲಿ ನಿಮ್ಮ ಜೊತೆ ಜಗಳ ಆಡಿದವರು. 'ನಾನು ಹೇಗೆ?' ಅಂತ ಕೇಳಬೇಡಿ, ಒಳ್ಳೆಯವರು ಅಂತ ಹೇಳಿ ಎದ್ದು ಹೋಗುತ್ತಾರೆ. 'ಮುಂದಿನ ಸಭೆಯಲ್ಲಿ ನಾನು ಯಾವ ಒಂದು ವಿಷಯ ಬೇರೆ ಥರ ಮಾಡಬೇಕು?' ಅಂತ ಕೇಳಿ. ಜಗಳ ಆಡಿದವರ ಉತ್ತರವನ್ನು ಬರೆದಿಟ್ಟುಕೊಳ್ಳಿ.

ಚುನಾವಣೆಗೆ ನಿಲ್ಲುವ ಬಗ್ಗೆ ಹೇಳುವ ಮೊದಲು ಒಂದು ಪ್ರಶ್ನೆ. ನಿಲ್ಲಿ ಅಂತ ಒತ್ತಾಯ ಮಾಡುತ್ತಿರುವವರು ಯಾರು? ನಿಮ್ಮ ಅಯಲ್ಕೂಟದ ಹೆಂಗಸರೇ? ಅಥವಾ ಯಾವುದಾದರೂ ಪಕ್ಷದ ಸ್ಥಳೀಯರೇ? ಎರಡನೆಯವರಾದರೆ ಸ್ವಲ್ಪ ನಿಧಾನ. ಲೆಕ್ಕ ಚೆನ್ನಾಗಿ ಬರೆಯುವ, ಸಭೆಯಲ್ಲಿ ಮಾತಾಡದ ಒಬ್ಬರು ಅಧ್ಯಕ್ಷೆಯಾದರೆ ಕೆಲವರಿಗೆ ಬಹಳ ಅನುಕೂಲ. ಅಂಥವರ ಹತ್ತಿರ 'ಸಭೆಯ ವಿಷಯಪಟ್ಟಿ ನಾನೇ ಮಾಡುತ್ತೇನೆ, ಒಪ್ಪಿಗೆಯೇ?' ಅಂತ ಕೇಳಿ ನೋಡಿ. ಮುಖ ಹೇಗಾಗುತ್ತದೆ ಅನ್ನುವುದರಲ್ಲೇ ಉತ್ತರ ಇರುತ್ತದೆ. ಹೆಂಗಸರೇ ಕೇಳುತ್ತಿದ್ದರೆ, ಪುಸ್ತಕ ಬರೆಯಲು ಒಬ್ಬರು ತಯಾರಾಗುತ್ತಿದ್ದರೆ, ನಿಲ್ಲಿ. ಪೂರ್ತಿ ತಯಾರಾದ ಮೇಲೆ ನಿಲ್ಲುತ್ತೇನೆ ಅಂತ ಕಾಯಬೇಡಿ. ಈ ಚುನಾವಣೆ ಬರುವುದು ಮೂರು ವರ್ಷಕ್ಕೊಮ್ಮೆ.

ಗಂಡನ ನಗುವಿಗೆ ಅರ್ಥ ಹುಡುಕುತ್ತಾ ಕೂರಬೇಡಿ, ಅದು ಹೆಮ್ಮೆಯೂ ಇರಬಹುದು, ಗೇಲಿಯೂ ಇರಬಹುದು. ಸಭೆ ಮುಗಿಯುವಾಗ ಸಂಜೆಯ ಬಸ್ಸು ತಪ್ಪಿದರೆ ಪೇಟೆಯಿಂದ ಯಾರು ಕರೆದುಕೊಂಡು ಬರುತ್ತಾರೆ, ಆ ದಿನ ಮನೆಯಲ್ಲಿ ಅಡುಗೆ ಯಾರದ್ದು, ಈ ಎರಡನ್ನು ಮಾತ್ರ ಅವರ ಹತ್ತಿರ ಕೇಳಿ ಇತ್ಯರ್ಥ ಮಾಡಿಕೊಳ್ಳಿ. ಚುನಾವಣೆಗೆ ನಿಲ್ಲುವ ಮೊದಲೇ.