ಹೊಸ ಇ-ರೀಡರ್‌ಗೆ ಟೆಂಪರ್ಡ್ ಗ್ಲಾಸ್ ಹಾಕಿಸಲಾ, ಮ್ಯಾಟ್ ಫಿಲ್ಮ್ ಅಂಟಿಸಲಾ?

ಗ್ಲಾಸ್ ಬೇಡ. ನೀವು ಇಷ್ಟರಲ್ಲೇ ಆರ್ಡರ್ ಮಾಡಿಬಿಟ್ಟಿರಬಹುದು ಅನ್ನೋ ಭಯಕ್ಕೆ ಇದನ್ನು ಮೊದಲೇ ಹೇಳುತ್ತಿದ್ದೇನೆ. ಅಮ್ಮನಿಗೆ ಪುಸ್ತಕ ಓದಲೆಂದೇ ಇರುವ ಇ-ರೀಡರ್ ತಂದಿದ್ದೀರಿ, ಪರದೆ ಒಡೆಯದ ಹಾಗೆ ಯಾವ ಸ್ಕ್ರೀನ್ ಗಾರ್ಡ್ ಹಾಕಲಿ, ಗುಳ್ಳೆ ಬರದ ಹಾಗೆ ಹೇಗೆ ಅಂಟಿಸಲಿ ಅಂತ ಕೇಳಿದ್ದೀರಿ. ಎರಡು ವರ್ಷದ ಹಿಂದೆ ನಾನೂ ಇದನ್ನೇ ಹುಡುಕುತ್ತಾ ಕೂತಿದ್ದೆ. ನಾನು ತಂದಿದ್ದು ಅಪ್ಪನಿಗೆ.

ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ರಿಟೈರ್ ಆದವರು. ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಫೋನ್ ನೋಡಿದರೆ ಕಣ್ಣು ಉರಿಯುತ್ತೆ ಅನ್ನುತ್ತಿದ್ದರು. ಅವರಿಗೆ ಬೇಕಾದ ಹಳೆಯ ಪುಸ್ತಕಗಳು ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಅನ್ನೋ ಸರ್ಕಾರಿ ಯೋಜನೆಯ ಕಾಲದಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್ ಅನ್ನೋ ವೆಬ್‌ಸೈಟ್‌ನಲ್ಲಿ ಇವೆಯಲ್ಲ, ಅವನ್ನು ಇಳಿಸಿಕೊಂಡು, ಸುತ್ತಲಿನ ಖಾಲಿ ಅಂಚು ಕತ್ತರಿಸಿ, ಕೇಬಲ್ ಚುಚ್ಚಿ ರೀಡರ್‌ಗೆ ತುಂಬಿಸಿ ಕೊಟ್ಟೆ. ಆರು ಇಂಚಿನ ಪರದೆ. ಅಡ್ಡಲಾಗಿ ಹಿಡಿದು ಅರ್ಧರ್ಧ ಪುಟ ಓದುತ್ತಿದ್ದರು. ಬೆಳಗ್ಗೆ ಕಾಫಿ ಆದ ಮೇಲೆ ಒಂದು ಗಂಟೆ, ರಾತ್ರಿ ಊಟ ಆದ ಮೇಲೆ ಒಂದು ಗಂಟೆ. ಅವರು ಮತ್ತೆ ಹಾಗೆ ಓದುವುದನ್ನು ನೋಡಿ ನನಗೆ ಎಷ್ಟು ಸಮಾಧಾನ ಆಗಿತ್ತು ಅಂದರೆ, ಇದಕ್ಕೆ ಏನೂ ಆಗಬಾರದು ಅಂತ ಒಂದೇ ಯೋಚನೆ.

ನಮ್ಮಲ್ಲಿ ಹೊಸ ಫೋನ್ ತಂದರೆ ಮನೆಗೆ ಬರುವ ಮೊದಲೇ ಗ್ಲಾಸ್ ಹಾಕಿಸುತ್ತೇವೆ. ಅದೇ ರೂಢಿಯಲ್ಲಿ ರೀಡರ್‌ಗೂ ತರಿಸಿದೆ. ಡಬ್ಬಿಯ ಮೇಲೆ 9ಎಚ್ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಅದನ್ನು ನೋಡಿ ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗೆ ಅಂದುಕೊಂಡಿದ್ದೆ. ಅದು ಆ ಲೆಕ್ಕ ಅಲ್ಲವೇ ಅಲ್ಲ. ವಜ್ರಕ್ಕೆ 10 ಕೊಡುವ ಅಳತೆ ಬೇರೆ. 9ಎಚ್ ಅನ್ನೋದು ಪೆನ್ಸಿಲ್ ಗಟ್ಟಿತನದ ಅಳತೆ, ಎಚ್‌ಬಿ ಪೆನ್ಸಿಲ್ ಅಂತೀವಲ್ಲ, ಅದೇ ಸಾಲಿನದು. ಆ ಗಟ್ಟಿ ಪೆನ್ಸಿಲ್ಲಿನಿಂದ ಗೀಚಿದರೂ ಗೆರೆ ಬೀಳಲ್ಲ ಅಂತ ಅಷ್ಟೇ ಅರ್ಥ. ಮರಳಿನ ಒಂದು ಕಣ ಸಿಕ್ಕಿಕೊಂಡರೆ ಆ ಗ್ಲಾಸ್ ಮೇಲೂ ಗೀರು ಬೀಳುತ್ತೆ.

ಅಂಟಿಸಿದ್ದು ಚೆನ್ನಾಗೇ ಬಂತು. ಒಂದು ಗುಳ್ಳೆಯೂ ಇಲ್ಲ. ಆದರೆ ಆ ರಾತ್ರಿಯೇ ಅಪ್ಪ, "ಇದರಲ್ಲಿ ಟ್ಯೂಬ್‌ಲೈಟ್ ಕಾಣ್ತಿದೆಯಲ್ಲೋ" ಅಂದರು. ಇ-ರೀಡರ್ ಪರದೆ ಕಂಪನಿಯಿಂದ ಬರುವಾಗಲೇ ಮ್ಯಾಟ್ ಇರುತ್ತೆ. ಬೆಳಕು ಬಿದ್ದರೆ ಕಾಗದದ ಹಾಗೆ ಚೆದುರಿಹೋಗುತ್ತೆ. ಅದರ ಮೇಲೆ ನುಣುಪಾದ ಗಾಜು ಕೂರಿಸಿ ನಾನೇ ಕನ್ನಡಿ ಮಾಡಿಟ್ಟಿದ್ದೆ. ಮೂರು ವಾರ ಅಪ್ಪ ಕುರ್ಚಿ ತಿರುಗಿಸಿ ತಿರುಗಿಸಿ ಓದಿದರು. ಒಂದು ಭಾನುವಾರ, "ಸರಿ, ಕಿತ್ತುಬಿಡ್ತೀನಿ ಕೊಡಿ" ಅಂದೆ.

ಇಲ್ಲಿಂದ ಮುಂದೆ ನಿಧಾನವಾಗಿ ಓದಿ. ನಾನು ಮಾಡಿದ ತಪ್ಪು ಇಲ್ಲೇ ಇರೋದು.

ಹಾಸಿಗೆಯ ಮೇಲೆ ಕೂತಿದ್ದೆ. ಕೆಳಗೆ ಬಿದ್ದರೂ ಮೆತ್ತಗೆ ಬೀಳಲಿ ಅಂತ ಬೇಕೆಂದೇ ಹಾಸಿಗೆ. ಒಂದು ಹಳೆಯ ಎಟಿಎಂ ಕಾರ್ಡಿನಿಂದ ಬಲಗಡೆಯ ಮೂಲೆ ಎಬ್ಬಿಸಿದೆ. ಎದ್ದಿತು. ಆದರೆ ಗ್ಲಾಸ್ ತುಂಬಾ ಅಂಟು ಇತ್ತು, ಬರೀ ಅಂಚಿಗಲ್ಲ, ಪೂರ್ತಿ ಮೈಗೆ. ಎಡಗೈಯಲ್ಲಿ ರೀಡರ್‌ನ ಎಡ ಅಂಚು ಒತ್ತಿ ಹಿಡಿದು, ಬಲಗೈಯಲ್ಲಿ ಗ್ಲಾಸನ್ನು ಮೇಲಕ್ಕೆ ಎಳೆದೆ. ಫಿಲ್ಮ್ ಆಗಿದ್ದರೆ ಸಿಪ್ಪೆಯ ಹಾಗೆ ಮಡಚಿಕೊಂಡು ಬರುತ್ತಿತ್ತು. ಗ್ಲಾಸ್ ಬಾಗುವುದಿಲ್ಲ. ಹಾಗಾಗಿ ಬಾಗಿದ್ದು ರೀಡರ್. ಕೆಳಗೆ ಗಟ್ಟಿ ಮೇಜು ಇದ್ದಿದ್ದರೆ ಎಡಭಾಗಕ್ಕಾದರೂ ಆಸರೆ ಇರುತ್ತಿತ್ತು. ಹಾಸಿಗೆ ಒತ್ತಿದ ಕಡೆ ತಗ್ಗಿತು, ಎಳೆದ ಕಡೆ ರೀಡರ್ ಮೇಲೆದ್ದಿತು. ಒಂದು ಸಣ್ಣ "ಟಿಕ್" ಕೇಳಿಸಿತು. ಗ್ಲಾಸ್ ಕೈಗೆ ಬಂತು. ಅಂಟು ಬಿಟ್ಟ ಸದ್ದು ಅಂದುಕೊಂಡೆ.

ಪರದೆಯ ಮೇಲೆ ಬೆರಳಾಡಿಸಿದೆ. ಒಂದು ಗೀರಿಲ್ಲ, ಬಿರುಕಿಲ್ಲ. ಬಟನ್ ಒತ್ತಿದೆ. ಮೇಲಿನ ಅರ್ಧ ಬದಲಾಯಿತು. ಕೆಳಗಿನ ಅರ್ಧ ಬದಲಾಗಲೇ ಇಲ್ಲ. ಅಪ್ಪ ಆ ಬೆಳಗ್ಗೆ ಓದಿ ನಿಲ್ಲಿಸಿದ್ದ ಪುಟದ ಕೆಳಗಿನ ಸಾಲುಗಳು ಹಾಗೇ ನಿಂತಿದ್ದವು, ಅವುಗಳ ಮೇಲೆ ಉದ್ದಕ್ಕೆ ನಾಲ್ಕೈದು ಕಪ್ಪು ಗೆರೆ. ಆಫ್ ಮಾಡಿ ಆನ್ ಮಾಡಿದೆ. ಬಟನ್ ಹಿಡಿದು ನಲವತ್ತು ಸೆಕೆಂಡ್ ಕಾದೆ. ಏನೂ ಆಗಲಿಲ್ಲ. ಬ್ಯಾಟರಿ ಪೂರ್ತಿ ಖಾಲಿಯಾದ ಮೇಲೂ ಆ ಸಾಲುಗಳು ಹೋಗಲಿಲ್ಲ.

ಯಾಕೆ ಹೀಗಾಯಿತು ಅಂತ ಆಮೇಲೆ ಹುಡುಕಿ ಓದಿಕೊಂಡೆ. ಇ-ರೀಡರ್ ಪರದೆಗೆ ಇ-ಇಂಕ್ ಅಂತಾರೆ, ಅದರಲ್ಲಿ ಕೂದಲಿನ ದಪ್ಪದಷ್ಟು ಸಣ್ಣ ಗುಳಿಗೆಗಳಿರುತ್ತವೆ. ಒಂದೊಂದರಲ್ಲೂ ಕಪ್ಪು ಕಣ, ಬಿಳಿ ಕಣ. ಕೆಳಗಿನಿಂದ ಕರೆಂಟ್ ಕೊಟ್ಟಾಗ ಯಾವುದೋ ಒಂದು ಬಣ್ಣ ಮೇಲಕ್ಕೆ ಬರುತ್ತೆ, ಮತ್ತೆ ಕರೆಂಟ್ ಕೊಡುವವರೆಗೆ ಅಲ್ಲೇ ಇರುತ್ತೆ. ಪುಟ ತಿರುಗಿಸುವಾಗ ಮಾತ್ರ ಚಾರ್ಜ್ ಬೇಕು ಅನ್ನೋದು ಇದಕ್ಕೇ. ಆ ಕರೆಂಟ್ ಕೊಡುವ ಪದರ ಹೆಚ್ಚಿನ ರೀಡರ್‌ಗಳಲ್ಲಿ ತೆಳ್ಳನೆಯ ಗಾಜಿನ ಹಾಳೆಯ ಮೇಲಿರುತ್ತೆ. ಗಾಜು ಇರೋದು ಕೆಳಗೆ! ಫೋನಿನಲ್ಲಿ ನಮಗೆ ಒಡೆದು ಗೊತ್ತಿರುವ ಗಾಜು ಮೇಲೆ, ಅದನ್ನು ಕಾಪಾಡಲು ಇನ್ನೊಂದು ಗಾಜು ಹಾಕುವುದರಲ್ಲಿ ಅರ್ಥವಿದೆ. ರೀಡರ್‌ನಲ್ಲಿ ಮೇಲಿನ ಪದರ ಬಹಳಷ್ಟು ಸಲ ಪ್ಲಾಸ್ಟಿಕ್, ಅದು ಒಡೆಯುವುದೇ ಇಲ್ಲ. ಬಾಗಿದಾಗ, ಒಂದೇ ಜಾಗದಲ್ಲಿ ಒತ್ತಡ ಬಿದ್ದಾಗ ಒಳಗಿನ ಹಾಳೆ ಸೀಳುತ್ತೆ, ಹೊರಗೆ ಏನೂ ಕಾಣಿಸುವುದಿಲ್ಲ. ಪ್ಲಾಸ್ಟಿಕ್ ಹಾಳೆಯ ಮೇಲೆ ಮಾಡಿದ ಇ-ಇಂಕ್ ಪರದೆಯೂ ಇದೆ, ಮೊಬಿಯಸ್ ಅಂತ. ಆದರೆ ಆರೇಳು ಇಂಚಿನ ಸಾಮಾನ್ಯ ರೀಡರ್‌ನಲ್ಲಿ ಗಾಜೇ ಇದೆ ಅಂದುಕೊಂಡು ನಡೆಯುವುದು ಕ್ಷೇಮ.

ರಿಪೇರಿಗೆ ಕೇಳಿದ ದುಡ್ಡು ಹೊಸದರ ಬೆಲೆಗೆ ಹತ್ತಿರ ಇತ್ತು. ವಾರಂಟಿಯಲ್ಲಿ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಅಪ್ಪ ಬಯ್ಯಲಿಲ್ಲ. "ಆ ಪುಟದ ನಂಬರ್ ಬರೆದಿಟ್ಟುಕೋ" ಅಂದರು, ಅಷ್ಟೇ. ಹೊಸದು ತರುವವರೆಗೆ ಎರಡು ತಿಂಗಳು ಬೆಳಗಿನ ಆ ಒಂದು ಗಂಟೆ ಅವರು ಸುಮ್ನೆ ಟಿವಿ ಮುಂದೆ ಕೂತಿರುತ್ತಿದ್ದರು. ಅದನ್ನು ನೋಡುವುದು ನನಗೆ ದುಡ್ಡಿಗಿಂತ ಜಾಸ್ತಿ ಕಷ್ಟವಾಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. "ಒಡೆಯದ ಹಾಗೆ ಯಾವ ಗಾರ್ಡ್" ಅಂದರೆ, ಯಾವ ಗಾರ್ಡೂ ಅಲ್ಲ. ಅದು ತಡೆಯೋದು ಗೀರನ್ನು ಮಾತ್ರ. ಒಡೆಯದ ಹಾಗೆ ಕಾಪಾಡೋದು ಕವರ್. ಮುಂದಿನ ಮುಚ್ಚಳ ಗಟ್ಟಿಯಾಗಿರುವ, ಪುಸ್ತಕದ ರಟ್ಟಿನ ಹಾಗೆ ಮುಚ್ಚುವ ಫ್ಲಿಪ್ ಕವರ್ ತನ್ನಿ. ಮೆತ್ತನೆಯ ಬಟ್ಟೆ ಚೀಲ ಸಾಲದು. ಬ್ಯಾಗಿನಲ್ಲಿ ನೀರಿನ ಬಾಟಲಿ, ಬೀಗದ ಕೈ, ಟಿಫಿನ್ ಡಬ್ಬಿಯ ಮೂಲೆ ಒತ್ತುತ್ತವಲ್ಲ, ಬಟ್ಟೆ ಅದನ್ನು ತಡೆಯಲ್ಲ. ಅಮ್ಮ ದಿಂಬಿನ ಪಕ್ಕ ಇಟ್ಟು ಮಲಗುವವರಾದರೆ ಕವರ್ ಬೇಕೇ ಬೇಕು.

ಮ್ಯಾಟ್ ಫಿಲ್ಮ್ ಕೂಡ ಒಮ್ಮೆ ಹಾಕಿ ನೋಡಿದೆ, ನನ್ನ ಸ್ವಂತ ರೀಡರ್‌ಗೆ. ಇಂಗ್ಲಿಷ್ ಕಾದಂಬರಿಗೆ ಅಷ್ಟೇನೂ ಗೊತ್ತಾಗಲಿಲ್ಲ. ಅಕ್ಷರ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದಲ್ಲ. ಆದರೆ ಸ್ಕ್ಯಾನ್ ಮಾಡಿದ ಕನ್ನಡ ಪುಟದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಚುಕ್ಕಿಯಷ್ಟಿರುತ್ತೆ. ಮ್ಯಾಟ್ ಪರದೆಯ ಮೇಲೆ ಇನ್ನೊಂದು ಮ್ಯಾಟ್ ಪದರ ಬಿದ್ದಾಗ ತ ಒತ್ತು ಯಾವುದು, ನ ಒತ್ತು ಯಾವುದು ಅಂತ ಕಣ್ಣು ಕಿರಿದು ಮಾಡಬೇಕಾಯಿತು. ಬಿಳಿ ಜಾಗದಲ್ಲಿ ರವೆ ಉದುರಿದ ಹಾಗೆ ಮಿನುಗು ಬೇರೆ. ಅಮ್ಮ ಕನ್ನಡ ಪಿಡಿಎಫ್ ಓದುವವರಾದರೆ ಇದನ್ನು ಗಂಭೀರವಾಗಿ ಯೋಚಿಸಿ.

ಫಿಲ್ಮ್ ಬೇಕಾಗುವವರೂ ಇದ್ದಾರೆ, ಅದನ್ನು ಮುಚ್ಚಿಡಲ್ಲ. ಪೆನ್ನಿನಲ್ಲಿ ಬರೆಯುವ ಹತ್ತು ಇಂಚಿನ ರೀಡರ್ ಇರುವವರು, ಮನೆಯಲ್ಲಿ ಎರಡು ವರ್ಷದ ಮಗು ಇರುವವರು, ದೂಳಿನಲ್ಲಿ ಕೆಲಸ ಮಾಡುವವರು. ಕೆಲವು ರೀಡರ್‌ಗಳಲ್ಲಿ ಗೀರು ಬಿದ್ದ ಜಾಗ ರಾತ್ರಿ ರೀಡರ್‌ನದೇ ಲೈಟ್ ಹಾಕಿದಾಗ ಮಿಣುಕು ಚುಕ್ಕಿಯಾಗಿ ಕಾಣುತ್ತೆ, ಅದೂ ನಿಜ. ನೀವು ಹಾಕಲೇಬೇಕು ಅಂತಿದ್ದರೆ ಪಿಇಟಿ ಅನ್ನೋ ಪ್ಲಾಸ್ಟಿಕ್ಕಿನ ತೆಳ್ಳನೆಯ ಫಿಲ್ಮ್ ತನ್ನಿ. ಮಾಡೆಲ್ ಹೆಸರೊಂದನ್ನೇ ನೋಡಿ ತರಬೇಡಿ, ವರ್ಷವನ್ನೂ ನೋಡಿ. ಕಿಂಡಲ್ ಪೇಪರ್‌ವೈಟ್ ಅಂತ ಅಮೆಜಾನಿನ ರೀಡರ್ ಇದೆ, ಹೆಸರು ಒಂದೇ, ಆದರೆ 2018ರದ್ದು 6 ಇಂಚು, 2021ರದ್ದು 6.8, 2024ರದ್ದು 7. ಪರದೆ ಚೌಕಟ್ಟಿಗಿಂತ ತಗ್ಗಿನಲ್ಲಿರುವ ರೀಡರ್ ಆದರೆ ಇನ್ನೂ ಎಚ್ಚರ. ಫಿಲ್ಮ್ ಒಂದು ಕೂದಲಷ್ಟು ದೊಡ್ಡದಾದರೂ ಅಂಚು ಚೌಕಟ್ಟಿನ ಮೇಲೆ ಹತ್ತಿ ಕೂತು ಗಾಳಿ ಹಿಡಿಯುತ್ತೆ.

ಅಂಟಿಸುವಾಗ ಮೊದಲು ಫ್ಯಾನ್ ಆಫ್ ಮಾಡಿ. ಅರ್ಧ ಗುಳ್ಳೆಗಳಿಗೆ ನಮ್ಮ ಫ್ಯಾನೇ ಕಾರಣ. ಬಿಸಿನೀರಿನ ಸ್ನಾನ ಆದ ಬಚ್ಚಲುಮನೆ ಒಳ್ಳೆಯ ಜಾಗ, ಹಬೆಗೆ ದೂಳು ಕೆಳಗೆ ಕೂತಿರುತ್ತೆ. ಹಬೆ ಪೂರ್ತಿ ಇಳಿಯುವವರೆಗೆ ಕಾಯಿರಿ, ರೀಡರ್ ಒದ್ದೆಯಾಗಬಾರದು. ಗಟ್ಟಿಯಾದ, ಸಮನಾದ ಜಾಗದ ಮೇಲಿಡಿ. ಕನ್ನಡಕ ಒರೆಸುವ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಆಮೇಲೆ ಫೋನಿನ ಟಾರ್ಚನ್ನು ಪಕ್ಕದಿಂದ, ಪರದೆಗೆ ಸಮನಾಗಿ ಹಿಡಿಯಿರಿ. ಮೇಲಿಂದ ಕಾಣದ ದೂಳೆಲ್ಲ ಆಗ ಕಾಣುತ್ತೆ. ಒಂದೊಂದನ್ನೂ ಫಿಲ್ಮ್ ಜೊತೆ ಬರುವ ಸ್ಟಿಕ್ಕರಿನಿಂದ ಒತ್ತಿ ಎತ್ತಿ. ಹಿಂಬದಿಯ ಹಾಳೆ ಕೀಳುವ ಮೊದಲೇ ಫಿಲ್ಮನ್ನು ಸರಿಯಾದ ಜಾಗದಲ್ಲಿ ಕೂರಿಸಿ, ಒಂದು ಬದಿಗೆ ಎರಡು ತುಂಡು ಟೇಪ್ ಹಚ್ಚಿ. ಈಗ ಅದು ಪುಸ್ತಕದ ಹಾಳೆಯ ಹಾಗೆ ತೆರೆದು ಮುಚ್ಚುತ್ತೆ. ತೆರೆದು, ಹಿಂಬದಿ ಕಿತ್ತು, ಮೆಲ್ಲಗೆ ಬೀಳಲು ಬಿಡಿ.

ಗುಳ್ಳೆ ಉಳಿದರೆ ದಯವಿಟ್ಟು ಹೆಬ್ಬೆರಳಿನಿಂದ ಒತ್ತಬೇಡಿ, ಸ್ಕೇಲಿನ ಅಂಚಿನಿಂದ ತಿಕ್ಕಬೇಡಿ. ಕೆಳಗಿನ ಗಾಜು ನೆನಪಿರಲಿ. ಕಾರ್ಡಿಗೆ ಬಟ್ಟೆ ಸುತ್ತಿ, ನಡುವಿನಿಂದ ಅಂಚಿಗೆ, ದೋಸೆ ಹಿಟ್ಟು ಹರಡುವಷ್ಟು ಹಗುರವಾಗಿ ತಳ್ಳಿ. ಸಣ್ಣ ಗಾಳಿ ಗುಳ್ಳೆಗಳು ಒಂದೆರಡು ದಿನದಲ್ಲಿ ತಾವೇ ಹೋಗುತ್ತವೆ. ನಡುವೆ ಚುಕ್ಕಿ ಇರುವ ಗುಳ್ಳೆ ಮಾತ್ರ ಹೋಗಲ್ಲ, ಅದು ದೂಳು. ಒಂದೆರಡು ಇದ್ದರೆ ಇರಲಿ ಬಿಡಿ, ಅದಕ್ಕಾಗಿ ಕೀಳಲು ಹೋಗಬೇಡಿ.

ಅಪ್ಪನ ಎರಡನೇ ರೀಡರ್‌ಗೆ ಏನೂ ಅಂಟಿಸಿಲ್ಲ. ಕವರ್ ಇದೆ, ವಾರಕ್ಕೊಮ್ಮೆ ಪಂಚೆಯ ಅಂಚಿನಿಂದ ಒರೆಸಿಕೊಳ್ಳುತ್ತಾರೆ. ಎಡಗಡೆ ಒಂದು ಸಣ್ಣ ಗೀರಿದೆ. ನಾನು ಹುಡುಕಿದ್ದಕ್ಕೆ ಸಿಕ್ಕಿತು, ಅವರ ಕಣ್ಣಿಗೆ ಬಿದ್ದಿಲ್ಲ.

ನೀವು ಗ್ಲಾಸ್ ಅಂಟಿಸಿಯೇ ಬಿಟ್ಟಿದ್ದರೆ ಕೀಳಬೇಡಿ, ಅಮ್ಮನ ಕುರ್ಚಿ ಟ್ಯೂಬ್‌ಲೈಟಿಗೆ ಬೆನ್ನು ಮಾಡದ ಹಾಗೆ ಪಕ್ಕಕ್ಕೆ ತಿರುಗಿಸಿ. ತೆಗೆಯಲೇಬೇಕಾದರೆ ರೀಡರ್ ಮೇಜಿನ ಮೇಲೆ ಅಂಗಾತ ಇರಲಿ, ಹಲ್ಲಿನ ಸಂದಿ ಉಜ್ಜುವ ಫ್ಲಾಸ್ ದಾರವನ್ನು ಮೂಲೆಯಿಂದ ಗ್ಲಾಸಿನ ಕೆಳಗೆ ತೂರಿಸಿ, ಗರಗಸದ ಹಾಗೆ ಅತ್ತಿತ್ತ ಎಳೆಯುತ್ತಾ ಅಂಟನ್ನು ಬಿಡಿಸಿ. ಅರ್ಧ ಗಂಟೆ ಹಿಡಿದರೂ ಹಿಡಿಯಲಿ. ಮೇಜಿನಿಂದ ರೀಡರ್ ಒಂದು ನೂಲಿನಷ್ಟು ಮೇಲೆದ್ದರೂ ಅಲ್ಲಿಗೆ ನಿಲ್ಲಿಸಿ.